ಕಾಲು ಸುತ್ತು

ಒರೂರೋದಲ್ಲಿ, ರೈಲು ಹಳಿಯಾಚೆ, ತಗಡಿನ ಶೆಡ್ಡು.
ಬೆಳಗಿನ ಆರಕ್ಕೆ ಬಕೆಟ್ಟಿನ ನೀರಿನ ಮೇಲೆ
ಬೆರಳು ದಪ್ಪ ಮಂಜುಗಡ್ಡೆ.
ಫೋರ್ತುನಾತಾ ಸ್ಪ್ಯಾನರಿನಿಂದ ಒಡೆದು
ಮುಖ ತೊಳೆದಳು. ಆಮೇಲೆ ಇಂಜಿನ್ನಿನ ಮುಖ.

ಇಂಜಿನ್ನು ಬಂದದ್ದು ಕಣಿವೆಯಿಂದ.
ಬೆನಿಗ್ನೊನ ಲಾರಿ ಕಿತ್ತಳೆ ಹೇರಿಕೊಂಡು ಉರುಳಿ
ಕ್ರೇನು ಎತ್ತಿದ್ದು ಮೂರನೆಯ ದಿನ.
ಬ್ಲಾಕಿನ ಸಂದಿಯಲ್ಲಿ ಇನ್ನೂ ಸಿಪ್ಪೆಯ ವಾಸನೆ.
ಬ್ರಷ್ಷು ಹಿಡಿದು ಉಜ್ಜುತ್ತಿದ್ದ ನನಗೆ
ಬಾಯಲ್ಲಿ ನೀರೂರಿತು. ನಾಚಿಕೆಯಾಯಿತು.

ಎಲಿಸೆಯೊ ಚೂರಾ ಬಾಗಿಲಲ್ಲೇ ನಿಂತ, ಟೋಪಿ ಕೈಯಲ್ಲಿ.
"ಬ್ಲಾಕು ಸಾಕು ನನಗೆ. ಪಂಪು, ಪೈಪು, ನಾಝಲ್ಲು
ನನ್ನ ಹಳೆಯವೇ ಹಾಕು. ಸತ್ತವನ ಉಸಿರು
ನನ್ನ ಲಾರಿಯಲ್ಲಿ ಬೇಡ."

ಅವಳು ಮಾತಾಡಲಿಲ್ಲ. ಅವನ ಪಂಪನ್ನೇ ಎತ್ತಿ
ಬ್ಲಾಕಿಗೆ ಹಿಡಿದಳು. ಕೂತಿತು.
ನಾಲ್ಕು ಬೋಲ್ಟೂ ತಮ್ಮ ತೂತು ತಾವೇ ಹುಡುಕಿಕೊಂಡವು.
"ನೋಡಿದೆಯಾ!" ಎಂದ.
"ಅದೇ ನನ್ನ ಭಯ" ಎಂದಳು.
"ಕೂರದಿದ್ದರೆ ನೀನೇ ಕೈ ಬಿಡುತ್ತಿದ್ದೆ.
ಕೂತದ್ದೆಲ್ಲ ಒಗ್ಗಿತು ಅಂತಲ್ಲ."

ಹೆಡ್ಡು ಬಿಚ್ಚಿಟ್ಟಿತ್ತು. ಟಾರ್ಚು ನನ್ನ ಕೈಗಿತ್ತಳು.
ಪಿಸ್ಟನ್ನಿನ ನೆತ್ತಿಯಲ್ಲಿ ಬಟ್ಟಲು: ಅಗಲ, ಆಳ ಕಡಿಮೆ.
"ಇದಕ್ಕೆ ಐದು ತೂತಿನ ನಾಝಲ್ಲು. ಒಂದೊಂದು ತೂತೂ
ಬಟ್ಟಲಿನ ಅಂಚಿಗೆ ಗುರಿಯಿಟ್ಟು ಉಗುಳುತ್ತೆ.
ನಿನ್ನದು ನಾಲ್ಕು ತೂತಿನದು, ಆಳ ಬಟ್ಟಲಿನ ಇಂಜಿನ್ನಿನದು.
ಇಲ್ಲಿ ಹಾಕಿದರೆ ಬೆಂಕಿ ಬೇಡದ ಕಡೆ ಬಿದ್ದು
ಪಿಸ್ಟನ್ನು ಕರಗುತ್ತೆ.
ಪಾತಾಕಾಮಾಯಾ ದಾಟುವುದಿಲ್ಲ ನೀನು."

"ನಾಝಲ್ಲು ಅವನದು, ಪಂಪು ನನ್ನದು?"
ಸಂತೆಯಲ್ಲಿ ಆಲೂಗಡ್ಡೆಗೆ ಮಾಡುವ ಚೌಕಾಸಿ.
"ಅವು ಬಾಯಿ ಬಿಡುವ ಒತ್ತಡ ಬೇರೆ,
ನಿನ್ನ ಪಂಪು ಕೊಡುವ ಗುಟುಕು ಬೇರೆ.
ಎತ್ತು ಏರಿಗೆ, ಕೋಣ ನೀರಿಗೆ.
ಪೈಪಾದರೂ ನೋಡು, ಆರೂ ಒಂದೇ ಉದ್ದ.
ಪಕ್ಕದ ಸಿಲಿಂಡರಿನದು ಸುಮ್ಮನೆ ಬಳಸಿ ಬರುತ್ತೆ,
ದೂರದವನು ತಡವಾಗಿ ಉಣ್ಣಬಾರದಲ್ಲ."

ಅವನ ಟೋಪಿ ಕೈಯಿಂದ ಕೈಗೆ ತಿರುಗುತ್ತಿತ್ತು.
"ನನ್ನ ಮಗಳನ್ನು ಚರ್ಚಿನ ನೀರಿಗೆ
ಎತ್ತಿ ಹಿಡಿದವನು ಅವನು" ಎಂದ,
ಯಾರೂ ಕೇಳಿರಲಿಲ್ಲ.

ಬೆನಿಗ್ನೊನ ಪಂಪನ್ನು ಅವಳು ಚಿಂದಿಯಲ್ಲಿ ಒರೆಸಿದಳು.
ಬೆನ್ನಲ್ಲೊಂದು ಸ್ಕ್ರೂ. ಮುದ್ರೆಯ ಸೀಸ ಇಲ್ಲ, ತಂತಿ ಇಲ್ಲ.
ಹಳದಿ ಬಣ್ಣದ ಗೆರೆ ಎರಡು ತುಂಡು,
ಅರ್ಧ ಪಂಪಿನ ಮೇಲೆ, ಅರ್ಧ ಸ್ಕ್ರೂವಿನ ತಲೆಯಲ್ಲಿ,
ನಡುವೆ ಕಾಲು ಸುತ್ತು.
"ಎಣ್ಣೆ ಹೆಚ್ಚು ಕೇಳಿದ್ದಾನೆ.
ಈ ಎತ್ತರದಲ್ಲಿ ಗಾಳಿಯೇ ತೆಳು, ಎಣ್ಣೆ ಸುರಿದರೆ
ಹೊಗೆಯೇ ಜಾಸ್ತಿ. ಅವನಿಗೂ ಗೊತ್ತಿತ್ತು.
ಏನೋ ಅವಸರವಿತ್ತು."

"ಅದಕ್ಕೇ ಬಿದ್ದನೇ?"

ಸ್ಕ್ರೂಡ್ರೈವರು ಗಾಳಿಯಲ್ಲೇ ನಿಂತಿತು.
"ಗೊತ್ತಿಲ್ಲ. ಎಷ್ಟು ತಿರುಗಿದೆ ಅಂತಷ್ಟೇ
ಸ್ಕ್ರೂ ಹೇಳೋದು."

ಆಗ ಅವನು ಒಳಗೆ ಬಂದ. ಟೋಪಿ ವೈಸಿನ ಮೇಲಿಟ್ಟು
ಕೈ ಚಾಚಿದ. "ಯಾವ ಕಡೆಗೆ?"
ಅವಳು ಅವನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ತೋರಿಸಿದಳು.
ತುಂಡು ಗೆರೆ ಹತ್ತಿರ ಬಂತು, ದಾಟಿತು,
ಹಿಂದೆ ಬಂತು, ಕೂಡಿತು.

ಸಂಜೆ ನಾಲ್ಕಕ್ಕೆ ನಾನು ಒಂದೊಂದೇ ನಟ್ಟು ಸಡಿಲಿಸಿ
ಪೈಪಿನ ಗಾಳಿ ಕಳೆದೆ. ಗುಳ್ಳೆ, ಗುಳ್ಳೆ, ಆಮೇಲೆ
ಬರಿಯ ಎಣ್ಣೆ.
ಇಂಜಿನ್ನು ಒಮ್ಮೆ ಕೆಮ್ಮಿತು. ಬಿಳಿ ಹೊಗೆ.
ಮತ್ತೆ ಕೆಮ್ಮಿ ಹಿಡಿಯಿತು. ಸ್ವಲ್ಪ ಹೊತ್ತಿಗೆ
ಕೊಳವೆಯ ಮೇಲಿನ ಗಾಳಿ ನಡುಗುವುದಷ್ಟೇ ಕಂಡಿತು.

ಎಲಿಸೆಯೊ ಬಿಯರು ತೆರೆದು ಮೊದಲು ನೆಲದ ತಾಯಿಗೆ ಸುರಿದ,
ಆಮೇಲೆ ಪಂಪಿನ ತಲೆಗೆ. ಬಿಸಿಗೆ ಚೊಯ್ ಎಂದಿತು.
"ಇಗೋ, ನೀನೂ ಕುಡಿ" ಎಂದ.
ಫೋರ್ತುನಾತಾ ಬಿಲ್ಲು ಬರೆಯುತ್ತಿದ್ದಳು, ತಲೆಯೆತ್ತಲಿಲ್ಲ.

ಅವನ ಹಳೆಯ ನಾಝಲ್ಲು ಆರೂ ನನ್ನ ಪಾಲಿಗೆ.
ಹಾಲಿನ ಡಬ್ಬಿಯಲ್ಲಿ ಡೀಸೆಲು ತುಂಬಿ ಮುಳುಗಿಸಿಟ್ಟೆ.
ಮುಚ್ಚಳದ ಮೇಲೆ ಮೊಳೆಯಿಂದ ಕೊರೆದೆ:
ನಾಲ್ಕು ತೂತು. ಆಳ ಬಟ್ಟಲು.